ಗೋಮಾಳಕ್ಕೆ ಹತ್ತಿದ ನೀರು

ಮಧ್ಯಾಹ್ನದ ಬಿಸಿಲಿನಲ್ಲಿ ಎಮ್ಮೆಗೆ ಬುದ್ಧಿ ಹೇಳುವುದು ಸುಲಭದ ಕೆಲಸವಲ್ಲ. ತನುಜಾ ಹಗ್ಗ ಹಿಡಿದು ಮುಂದೆ ಎಳೆಯುತ್ತಿದ್ದಳು. ಎಮ್ಮೆ ಕತ್ತು ಚಾಚಿ ಪಕ್ಕದ ಹಾಲಸ್ವಾಮಿಯ ಗದ್ದೆಗೆ ಬಾಯಿ ಹಾಕಲು ಹೊಂಚು ಹಾಕುತ್ತಿತ್ತು. ಗೋಮಾಳದಿಂದ ಹಳ್ಳಕ್ಕೆ ಇಳಿಯಲು ಇದ್ದದ್ದು ಎರಡು ಗದ್ದೆಗಳ ನಡುವಿನ ಆ ಒಂದೇ ಓಣಿ. ಒಂದು ಬಾಯಿ ಭತ್ತ ಹೋದರೂ ಸಂಜೆ ಮನೆ ಮುಂದೆ ಜಗಳ ಗ್ಯಾರಂಟಿ. ಅದಕ್ಕೇ ದನಗಳನ್ನು ಒಂದೊಂದಾಗಿ ಹಗ್ಗ ಹಿಡಿದು ಇಳಿಸಿ, ನೀರು ಕುಡಿಸಿ, ಮತ್ತೆ ಒಂದೊಂದಾಗಿ ಹತ್ತಿಸಬೇಕು. ಎರಡು ಎಮ್ಮೆ, ಒಂದು ಜೆರ್ಸಿ ಹಸು, ಎರಡು ಕರು. ಕೊನೆಯ ಕರು ಹತ್ತುವ ಹೊತ್ತಿಗೆ ಮೊದಲ ಎಮ್ಮೆಗೆ ಮತ್ತೆ ಬಾಯಾರಿಕೆಯಾಗಿರುತ್ತಿತ್ತು.

ಅದು ಎರಡು ಸಾವಿರನೇ ಇಸವಿಯ ಏಪ್ರಿಲ್. ಭದ್ರಾವತಿಯ ಜನ್ನಾಪುರದಿಂದ ಅಕ್ಕನ ಮನೆಗೆ ಬಂದಿದ್ದ ಪ್ರಸನ್ನಕುಮಾರ್ ಎಮ್ಮೆಗೆ ದಾರಿ ಬಿಟ್ಟು, ಕೈಯಲ್ಲಿದ್ದ ಖಾರದ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಬದುವಿನ ಮೇಲೆ ನಿಂತ. ಹೊಳೆಹೊನ್ನೂರಿನಲ್ಲಿ ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಅವನಿಗೂ ಸಾಕಾಗಿಹೋಗಿತ್ತು.

"ಪರೀಕ್ಷೆ ಹೆಂಗೆ ಮಾಡಿದ್ದೀಯೇ ತನು?"

"ಚೆನ್ನಾಗ್ ಮಾಡಿದ್ದೀನಿ ಮಾವ."

"ಹಂಗಾದ್ರೆ ಜೂನಿಗೆ ಹೊಳೆಹೊನ್ನೂರ್ ಹೈಸ್ಕೂಲು!"

ತನುಜಾ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ಅಪ್ಪನ್ನ ಕೇಳು ಮಾವ," ಎಂದು ಮುಂದೆ ಹೋದಳು.

ಇಲ್ಲಿಯವರೆಗೆ ಶಾಲೆ ಊರಲ್ಲೇ ಇತ್ತು. ಊಟದ ಗಂಟೆ ಹೊಡೆದಾಗ ಓಡಿಬಂದು, ದನಕ್ಕೆ ನೀರು ಕುಡಿಸಿ, ಲಂಗದ ಅಂಚು ತೋಯಿಸಿಕೊಂಡು ಮತ್ತೆ ಓಡುತ್ತಿದ್ದಳು. ಊಟ ಮಾಡಿದರೆ ಮಾಡಿದಳು, ಇಲ್ಲದಿದ್ದರೆ ಇಲ್ಲ. ಏಳನೇ ಕ್ಲಾಸು ಹಾಗೆಯೇ ಮುಗಿಸಿದ್ದಳು. ಆದರೆ ಹೈಸ್ಕೂಲಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ವಾಪಸು ಬರುವುದು ಸಂಜೆಗೇ.

ಊಟಕ್ಕೆ ಕೂತಾಗ ಪ್ರಸನ್ನಕುಮಾರ್ ಭಾವನನ್ನು ಕೇಳಿಯೇಬಿಟ್ಟ. ಶಿವರಾಜ್ ಕೆಟ್ಟ ಮನುಷ್ಯನಲ್ಲ. ಬೆಳಿಗ್ಗೆಯಿಂದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಅವನ ಸೊಂಟ ಸೆಟೆದುಕೊಂಡಿತ್ತು. ತುತ್ತು ನುಂಗಿ ನಿಧಾನವಾಗಿ ಹೇಳಿದ.

"ಮಗಳು ಓದೋದು ಬೇಡ ಅಂತ ನಂಗಿದ್ಯಾ ಪ್ರಸನ್ನ? ನೀನೇ ಯೋಚ್ನೆ ಮಾಡು. ನಾನು ಗದ್ದೇಲಿರ್ತೀನಿ. ನಿನ್ನಕ್ಕ ಮುಯ್ಯಾಳಿಗೆ ಹೋಗ್ತಾಳೆ. ಅವಳು ಬೇರೆಯವರ ಗದ್ದೆಗೆ ಹೋಗ್ಲಿಲ್ಲ ಅಂದ್ರೆ ನಮ್ಮ ನಾಟಿಗೆ ಯಾರ್ ಬರ್ತಾರೆ? ಅವ್ವನ ಮಂಡಿ ನೋಡು, ಹೊಸಿಲು ದಾಟೋದೇ ಕಷ್ಟ. ಮಧ್ಯಾಹ್ನ ದನಕ್ಕೆ ನೀರು ತೋರ್ಸೋರು ಯಾರು?"

ಗೋಡೆಗೆ ಒರಗಿ ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದ ಅವನ ತಾಯಿ ಕಾಶಮ್ಮ ದನಿ ಸೇರಿಸಿದಳು. "ಹೆಣ್ಮಕ್ಕಳಿಗೆ ಏಳನೇ ಕ್ಲಾಸು ಅಂದ್ರೆ ಕಮ್ಮಿ ಏನಲ್ಲಪ್ಪ. ಕಾಗದ ಓದ್ತಾಳೆ. ಬಸ್ಸಿನ ಬೋರ್ಡ್ ಓದ್ತಾಳೆ. ಇನ್ನೇನ್ ಬೇಕು?"

"ಅಂದ್ರೆ ತೊಂದ್ರೆ ಇರೋದು ನೀರಿಂದು ಮಾತ್ರ, ಅಲ್ವಾ ಭಾವ?"

"ಮತ್ತಿನ್ನೇನು? ಗೋಮಾಳಕ್ಕೆ ನೀರು ಬರ್ಲಿ, ಮಾರನೇ ದಿನಾನೇ ಅವಳನ್ನ ಕಳಿಸ್ತೀನಿ. ಅವ್ವನ ಮುಂದೆ ಹೇಳ್ತಿದ್ದೀನಿ."

ಆಗದ ಕೆಲಸಕ್ಕೆ ಆಣೆ ಹಾಕುವುದು ಎಲ್ಲರಿಗೂ ಸಲೀಸು. ಸಾರು ಬಡಿಸುತ್ತಿದ್ದ ಬಸವರಾಜೇಶ್ವರಿ ಗಂಡನ ಮುಖ ನೋಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಇಂಥ ಮಾತುಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಕೇಳಿ ಕೇಳಿ ಆಸೆಪಡುವುದೇ ಒಂದು ದಣಿವಿನ ಕೆಲಸ ಅನ್ನಿಸಿಬಿಟ್ಟಿತ್ತು. ತಮ್ಮನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಒಳಗೆ ಹೋದಳು.

ಪ್ರಸನ್ನಕುಮಾರ್ ಮಾತ್ರ ಊಟ ಮುಗಿಸಿ ನೇರ ಹಳ್ಳಕ್ಕೆ ಹೋದ. ನಾಲೆಯ ಗದ್ದೆಗಳಿಂದ ಬಸಿದು ಬರುವ ನೀರು ಅದು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಒಂದು ಕಡೆ ಬಂಡೆಯ ಮೇಲಿಂದ ಆಳೆತ್ತರ ಧುಮುಕುತ್ತಿತ್ತು. ಹಿಂದೆ ಬಾಬಾಬುಡನ್‌ಗಿರಿಯ ಕಡೆ ಕಾಫಿ ತೋಟವೊಂದಕ್ಕೆ ಪೈಪಿನ ಕೆಲಸಕ್ಕೆ ಹೋಗಿದ್ದಾಗ ಅವನು ರ‍್ಯಾಮ್ ಪಂಪು ಅನ್ನುವುದನ್ನು ನೋಡಿದ್ದ. ಪಾತ್ರೆ ತೊಳೆಯಲು ಹಳ್ಳಕ್ಕೆ ಬಂದ ಅಕ್ಕನಿಗೆ ಅದನ್ನು ವಿವರಿಸಿದ.

"ಮೇಲಿಂದ ಬೀಳೋ ನೀರನ್ನ ಪೈಪಲ್ಲಿ ಜೋರಾಗಿ ಓಡಿಸ್ಬೇಕು. ಓಡ್ತಿರುವಾಗ್ಲೇ ತಟ್ಟನೆ ಬಾಗಿಲು ಮುಚ್ಕೊಂಡ್ರೆ ನೀರು ಗುದ್ದುತ್ತೆ ಅಕ್ಕ. ಆ ಗುದ್ದಿಗೆ ಒಂದಿಷ್ಟು ನೀರು ಸಣ್ಣ ಪೈಪಲ್ಲಿ ಗುಡ್ಡ ಹತ್ತುತ್ತೆ. ಬಾಗಿಲು ಮತ್ತೆ ತಾನೇ ತೆರ್ಕೊಳ್ಳುತ್ತೆ. ಹಗಲು ರಾತ್ರಿ ಇದೇ ಕೆಲಸ."

"ಕರೆಂಟು?"

"ಬೇಡ."

"ಡೀಸೆಲ್ಲು?"

"ಅದೂ ಬೇಡ."

"ಹಂಗಾದ್ರೆ ನನ್ ಥರಾನೇ ಇದೆ ಅನ್ನು," ಎಂದು ಬಸವರಾಜೇಶ್ವರಿ ತಪ್ಪಲೆ ಬೋರಲು ಹಾಕಿದಳು. ತಮ್ಮ ನಕ್ಕ. ಅವಳಿಗೆ ನಗುವಷ್ಟು ತ್ರಾಣವಿರಲಿಲ್ಲ.

ಪ್ರಸನ್ನಕುಮಾರ್ ಭದ್ರಾವತಿಯ ಚಿಕ್ಕ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ರಜಾ ಇರುವುದು ಭಾನುವಾರ ಮಾತ್ರ. ಆ ಬೇಸಿಗೆಯ ಭಾನುವಾರಗಳೆಲ್ಲ ಪಂಪಿಗೇ ಹೋದವು. ಗುಜರಿಯಲ್ಲಿ ಬೆಂಕಿ ಆರಿಸುವ ಹಳೇ ಸಿಲಿಂಡರೊಂದು ಸಿಕ್ಕಿತು, ಅದನ್ನು ಗುದ್ದಿದ ನೀರನ್ನು ಮೇಲಕ್ಕೆ ಒತ್ತುವ ಗಾಳಿಡಬ್ಬಿಯಾಗಿ ಕೂರಿಸುವುದೆಂದು ತೀರ್ಮಾನಿಸಿದ. ವೆಲ್ಡಿಂಗ್ ಶೆಡ್ಡಿನ ವಜೀರ್ ಅದಕ್ಕೆ ಕಾಲು, ಕತ್ತು ಎಲ್ಲ ಅಂಟಿಸಿಕೊಟ್ಟ.

"ಯಾಕಪ್ಪಾ ಇಷ್ಟು ಅರ್ಜೆಂಟು?" ಎಂದು ವಜೀರ್ ಕೇಳಿದ. ವಿಷಯ ತಿಳಿದ ಮೇಲೆ ಕನ್ನಡಕ ಹಣೆಗೇರಿಸಿದ. "ನನ್ ಮಗಳು ಅತೀಕಾದೂ ಇದೇ ಕಥೆ ಭಾಯ್. ನಮ್ ಅಮ್ಮಿ ಸಾಕು ಓದಿದ್ದು ಅಂತಾರೆ, ಅವಳು ಹೋಗೇ ಹೋಗ್ತೀನಿ ಅಂತಾಳೆ. ನಾನು ಇಬ್ಬರ ಮಧ್ಯೆ ಸಿಕ್ಕೊಂಡು, ಇಲ್ಲಿ ಬಂದು ವೆಲ್ಡಿಂಗ್ ಮಾಡ್ತಾ ಕೂತ್ಕೋತೀನಿ. ಬೆಳಗ್ಗೆ ಬೇಗ ಶೆಡ್ಡು ತೆಗೆಯೋದು ಅದಕ್ಕೇ."

ಮೊದಲ ಸಲ ಪಂಪು ನಡೆಯಲಿಲ್ಲ. ಬಂಡೆಯ ಮೇಲಿಂದ ಕೆಳಗೆ ಪ್ಲಾಸ್ಟಿಕ್ ಪೈಪು ಎಳೆದಿದ್ದ. ನೀರಿನ ಗುದ್ದಿಗೆ ಪೈಪೇ ಉಬ್ಬಿ ಇಳಿದು ಗುದ್ದನ್ನೆಲ್ಲ ತಾನೇ ನುಂಗಿತು. ಊರಿನ ನಾಲ್ಕು ಜನ ಬಂದು ನೋಡಿ, ನೀರು ಕೆಳಗಿಂದ ಮೇಲೆ ಹರಿಯುವುದುಂಟೇ ಎಂದು ತಮಾಷೆ ಮಾಡಿ ಹೋದರು. ಮರುವಾರ ವಜೀರ್ ತನ್ನ ಶೆಡ್ಡಿನ ಹಿಂದೆ ಬಿದ್ದಿದ್ದ ಹಳೇ ಕಬ್ಬಿಣದ ಪೈಪುಗಳನ್ನು ಕೊಟ್ಟ. ಅವನ್ನು ಬಸ್ಸಿನ ಮೇಲೆ ಹಾಕಿಸಿ, ಸ್ಟಾಪಿನಿಂದ ಹಳ್ಳದವರೆಗೆ ಹೆಗಲ ಮೇಲೆ ಹೊತ್ತು ತರುವಷ್ಟರಲ್ಲಿ ಪ್ರಸನ್ನಕುಮಾರನ ಕುತ್ತಿಗೆ ಕೆಂಪಗಾಗಿತ್ತು. ಪೈಪಿನ ಇನ್ನೊಂದು ತುದಿ ಹೊತ್ತವಳು ಬಸವರಾಜೇಶ್ವರಿ. ಶಿವರಾಜ್ ಅವತ್ತು ಭತ್ತ ಕೊಯ್ಲಿಗೆ ಹೋಗಿದ್ದ.

ಎರಡನೇ ಸಲ ನಡೆಯಿತು. ಪ್ರಸನ್ನಕುಮಾರ್ ಬಾಗಿಲಿನ ಬೋಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದಂತೆ ಪಂಪು ತಾನೇ ಟಕ್ ಟಕ್ ಎಂದು ಬಡಿಯಲು ಹಿಡಿಯಿತು. ಗೋಮಾಳದಲ್ಲಿ ಹಿಂದೆ ಯಾವುದೋ ಯೋಜನೆಯಲ್ಲಿ ಕಟ್ಟಿಸಿ, ನೀರು ಕೊಡುವುದನ್ನು ಮರೆತಿದ್ದ ಸಿಮೆಂಟ್ ತೊಟ್ಟಿಯೊಂದಿತ್ತು. ಅದರ ಬಳಿ, ಗುಡ್ಡ ಹತ್ತಿ ಬಂದ ಕಪ್ಪು ಪೈಪಿನ ಬಾಯಿಗೆ ಕಿವಿ ಕೊಟ್ಟು ಕೂತಿದ್ದ ತನುಜಾ "ಬಂತು! ಬಂತು ಮಾವಾ!" ಎಂದು ಕೂಗಿಕೊಂಡಳು. ಬಂದದ್ದು ಕಿರುಬೆರಳ ಗಾತ್ರದ ನೀರು. ಮಾರನೇ ದಿನದ ಹೊತ್ತಿಗೆ ಅದೇ ತೊಟ್ಟಿ ತುಂಬಿಸಿತ್ತು. ಎಮ್ಮೆಗಳು ಮೂತಿ ಇಳಿಬಿಟ್ಟು ಕುಡಿದವು. ಅಕ್ಕಪಕ್ಕದವರ ದನಗಳೂ ಬಂದವು. ಬಸವರಾಜೇಶ್ವರಿ ಹುಲ್ಲು ಹೊರೆ ಕಟ್ಟುತ್ತಿದ್ದ ಗದ್ದೆಯಿಂದಲೇ ಇದನ್ನು ನೋಡಿದಳು.

ಶಿವರಾಜನಿಗೆ ಮಾತ್ರ ಒಂದು ಸಂಗತಿ ಸಹಿಸಲಾಗಲಿಲ್ಲ. ಪಂಪು ಪ್ರತಿ ಬಡಿತಕ್ಕೂ ಬಾಗಿಲಿನಿಂದ ರಾಶಿ ನೀರು ಹೊರಗೆ ಚೆಲ್ಲುತ್ತಿತ್ತು. ಒಂದು ಚೊಂಬು ಮೇಲೆ ಹೋಗಲು ಹತ್ತು ಚೊಂಬು ವ್ಯರ್ಥವಾಗುವುದೇ? ಜಿಪುಣತನವಲ್ಲ, ರೈತನ ಕರುಳು. ಪ್ರಸನ್ನಕುಮಾರ್ ಭದ್ರಾವತಿಗೆ ಹೊರಟ ಮೇಲೆ ಅವನು ಆ ಬಾಗಿಲನ್ನು ತೆಂಗಿನ ಹಗ್ಗದಿಂದ ಬಿಗಿಯಾಗಿ ಕಟ್ಟಿಬಂದ. ಇನ್ನು ಅಷ್ಟೂ ನೀರು ಗುಡ್ಡ ಹತ್ತಲಿ ಎಂದು. ಮಾರನೇ ದಿನ ತೊಟ್ಟಿಗೆ ಒಂದು ಹನಿಯೂ ಬರಲಿಲ್ಲ.

ಹಗ್ಗ ಬಿಚ್ಚಿದವಳು ತನುಜಾ. "ಆ ನೀರು ಚೆಲ್ಲಿದ್ರೇನೇ ಅಪ್ಪಾ ಈ ನೀರು ಹತ್ತೋದು. ಚೆಲ್ಲಿದ್ದು ಹಳ್ಳಕ್ಕೇ ವಾಪಸ್ ಹೋಗುತ್ತಲ್ಲ, ಎಲ್ಲಿ ನಷ್ಟ?" ಎಂದು ಮಾವ ಹೇಳಿಕೊಟ್ಟದ್ದನ್ನು ಒಪ್ಪಿಸಿ, ಪಂಪನ್ನು ಮತ್ತೆ ಹೊರಡಿಸಿದಳು. ಅಂದಿನಿಂದ ಪಂಪು ಅವಳದಾಯಿತು. ಮೇಲಿನ ಪೈಪಿನ ಬಾಯಿಗೆ ಕಟ್ಟಿದ್ದ ಜರಡಿಗೆ ಎಲೆ ಅಡ್ಡ ಬಂದರೆ, ಬೋಲ್ಟು ಸಡಿಲವಾದರೆ ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಊರವರು "ಪಂಪಿನ ಹುಡುಗಿ" ಎಂದರು. ಶಿವರಾಜ್ ಡೈರಿಯ ಕಟ್ಟೆಯಲ್ಲಿ ಕೂತು, "ನಮ್ ತನು ಕೈ ಇಟ್ರೆ ಸಾಕು, ಅದು ಬಡ್ಕೊಳ್ಳುತ್ತೆ," ಎಂದು ಹೆಮ್ಮೆಪಟ್ಟ. ಹುಡುಗಿಯೂ ಹಿಗ್ಗಿದಳು. ಬಸವರಾಜೇಶ್ವರಿ ಮಾತ್ರ ಆ ಹೊಗಳಿಕೆ ಕೇಳಿದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಯಾಕೆಂದು ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

ಜೂನ್ ಬಂತು. ಮಳೆಯೂ ಬಂತು. ಗೋಮಾಳದ್ದು ಗರಸು ನೆಲ, ಮಳೆ ನೀರು ನಿಲ್ಲುವುದಿಲ್ಲ. ತೊಟ್ಟಿಯೇ ಗತಿ. ಆದರೆ ಹಳ್ಳದಲ್ಲಿ ಕೆಂಪು ನೀರು, ಕಸ, ಮರಳು. ಪಂಪು ದಿನಕ್ಕೊಮ್ಮೆ ನಿಲ್ಲತೊಡಗಿತು. ಹೈಸ್ಕೂಲಿನಲ್ಲಿ ಸೇರಿಸಿಕೊಳ್ಳುವುದು ಮುಗಿಯುತ್ತಾ ಬಂದಾಗ ಪ್ರಸನ್ನಕುಮಾರ್ ಅರ್ಧ ದಿನ ರಜಾ ಹಾಕಿ ಬಂದ.

"ಏನ್ ಭಾವ, ಸೇರಿಸಿದ್ರಾ?"

"ಎಲ್ಲಿ ಮಾರಾಯ? ಪಂಪು ದಿನಾ ನಿಲ್ತಾ ಇದೆ. ಅದು ಬಗ್ಗೋದು ತನು ಕೈಗೆ ಮಾತ್ರ. ಅವಳು ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ಅದನ್ನ ನೋಡೋರು ಯಾರು?"

ಪ್ರಸನ್ನಕುಮಾರನಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಟ್ಟೆಯ ಮೇಲೆ ಕೂತ. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು. "ಭಾವ, ಅವಳು ಶಾಲೆಗೆ ಹೋಗ್ಲಿ ಅಂತ ತಾನೇ ನಾನು ಅದನ್ನ ಕಟ್ಟಿದ್ದು?"

"ಪಂಪಿನ ಮಾತು ಬಿಡ್ರಿ," ಎಂದಳು ಬಸವರಾಜೇಶ್ವರಿ. ಬಾಗಿಲ ಬಳಿ ನಿಂತಿದ್ದಳು. ದನಿ ಏರಿಸಲಿಲ್ಲ. "ನಿಜ ಏನಿದೆ ಅದನ್ನ ಹೇಳ್ರಿ."

ಶಿವರಾಜ್ ಟವೆಲಿನ ಅಂಚು ಹಿಂಡಿದ. "ನಿಜ ಹೇಳ್ಲಾ? ಹೊಳೆಹೊನ್ನೂರ್ ಸ್ಟ್ಯಾಂಡಲ್ಲಿ ಎಂಥೆಂಥ ಹುಡುಗ್ರು ನಿಂತಿರ್ತಾರೆ ಅಂತ ನಾನು ನೋಡಿಲ್ವಾ? ಸಂಜೆ ಬಸ್ಸು ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾಳೆ? ಇವಳು ಈಗ ದೊಡ್ಡೋಳಾಗಿದ್ದಾಳೆ. ನಾಳೆ ಯಾರಾದ್ರೂ ಒಂದು ಮಾತಂದ್ರೆ ಅದನ್ನ ಕೇಳಿಸ್ಕೊಂಡು ಊರಲ್ಲಿ ತಿರುಗಬೇಕಾದೋನು ನಾನು." ಅವನ ದನಿಯಲ್ಲಿ ಜೋರಿರಲಿಲ್ಲ, ಭಯವಿತ್ತು.

ಪೈಪು, ಬೋಲ್ಟು ಆಗಿದ್ದರೆ ಪ್ರಸನ್ನಕುಮಾರ್ ಏನಾದರೂ ಮಾಡುತ್ತಿದ್ದ. ಅಕ್ಕ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೊರಟುಹೋದ. ಕೊಟ್ಟಿಗೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ತನುಜಾ ಯಾರ ಮುಖವನ್ನೂ ನೋಡದೆ ಹಳ್ಳದ ಕಡೆ ಹೋದಳು. ಪಂಪು ನಿಂತಿತ್ತು, ಅದನ್ನು ಹೊರಡಿಸಬೇಕಿತ್ತು.

ಆ ಸಂಜೆ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕಾಶಮ್ಮ ಮೊಮ್ಮಗಳನ್ನು ಕೇಳಿದಳು. "ಅದನ್ನ ಹೆಂಗೆ ಶುರು ಮಾಡ್ತೀಯೇ?"

"ನಿಂಗ್ಯಾಕಜ್ಜಿ ಅದು?"

"ಹೇಳೇ ಅಂದ್ರೆ."

"ಜರಡಿ ಮೇಲಿನ ಕಸ ತೆಗೀಬೇಕು. ಆಮೇಲೆ ಬೋಲ್ಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಒತ್ತಿ ಬಿಡ್ಬೇಕು. ತಾನೇ ಬಡ್ಕೊಳ್ಳೋವರೆಗೂ."

ಕಾಶಮ್ಮ "ಹೂಂ" ಅಂದಳು. ಆಮೇಲೆ ಕೋಲೂರಿಕೊಂಡು ಅಡುಗೆಮನೆಗೆ ಹೋಗಿ ಸೊಸೆಗೆ ತಗ್ಗಿದ ದನಿಯಲ್ಲಿ ಹೇಳಿದಳು. "ನಾಳೆ ಮುಯ್ಯಾಳಿಗೆ ಹೋಗ್ಬೇಡ. ಮೊದಲ್ನೇ ಬಸ್ಸಿಗೆ ಅವಳನ್ನ ಕರ್ಕೊಂಡು ಹೋಗಿ ಸೇರ್ಸಿ ಬಾ."

ಬಸವರಾಜೇಶ್ವರಿಯ ಕೈಯಲ್ಲಿದ್ದ ಮುದ್ದೆ ಕೋಲು ಹಾಗೆಯೇ ನಿಂತಿತು. "ಅತ್ತೆ... ಅವರು ಏನಂತಾರೋ?"

"ಅವನನ್ನ ಹೆತ್ತೋಳು ನಾನು. ನಾನ್ ನೋಡ್ಕೊಳ್ತೀನಿ."

ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಅಲ್ಲೇ ಮಾತಾಡಿಕೊಂಡು ಕೂತು ಶಿವರಾಜ್ ಮನೆಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿಯ ಕೋಲೂ ಇರಲಿಲ್ಲ. ಗಾಬರಿಯಿಂದ ಹುಡುಕಿಕೊಂಡು ಓಣಿಗೆ ಇಳಿದ. ಹಳ್ಳದಲ್ಲಿ, ಮಂಡಿಯವರೆಗಿನ ಕೆಂಪು ನೀರಿನಲ್ಲಿ, ಕಲ್ಲೊಂದರ ಮೇಲೆ ಕಾಶಮ್ಮ ಕೂತಿದ್ದಳು. ಸೀರೆ ನೆನೆದು ಮೈಗಂಟಿತ್ತು. ಹೆಬ್ಬೆರಳಿನಿಂದ ಪಂಪಿನ ಬೋಲ್ಟನ್ನು ಒತ್ತುತ್ತಿದ್ದಳು.

"ಅವ್ವಾ! ಇಲ್ಲೇನ್ ಮಾಡ್ತಿದ್ದೀಯಾ?"

"ಕಾಣಲ್ವೇನೋ? ಪಂಪು ನೋಡ್ಕೊಳ್ತಿದ್ದೀನಿ. ಯಾರಾದ್ರೂ ನೋಡ್ಬೇಕು ಅಂದ್ಯಲ್ಲ."

"ತನು ಎಲ್ಲಿ?"

"ತಾಯಿ ಮಗಳು ಶಾಲೆಗೆ ಹೋಗಿದ್ದಾರೆ. ಕೂಗಾಡ್ಬೇಡ, ನಾನೇ ಕಳ್ಸಿದ್ದು." ಕಾಶಮ್ಮ ಕೈ ಬಿಟ್ಟು ಉಸಿರು ತೆಗೆದುಕೊಂಡಳು. "ನಿನ್ನ ಅಕ್ಕ ಪುಷ್ಪಮ್ಮನ್ನ ಶಾಲೆ ಬಿಡಿಸಿದ್ಯಾಕೆ, ನೆನಪಿದ್ಯಾ?"

"ನೀರಿಗೆ."

"ಹೂಂ. ಸೇದೋ ಬಾವಿ ದೂರ, ಒಂದು ವರ್ಷ ಮನೇಲಿರ್ಲಿ ಅಂದ್ವಿ. ಅದೇ ವರ್ಷ ನಮ್ಮ ಬೀದಿಗೆ ಬೋರು ಹಾಕಿದ್ರು. ನೀರು ಬಾಗಿಲಿಗೇ ಬಂತು. ಆಮೇಲಾದ್ರೂ ಅವಳನ್ನ ಕಳಿಸಿದ್ವೇನೋ?"

ಶಿವರಾಜ್ ದಡದಲ್ಲಿ ಬಿದ್ದಿದ್ದ ತಾಯಿಯ ಕೋಲನ್ನು ಎತ್ತಿಕೊಂಡ.

"ಈಗ್ಲೂ ಗೋಪಾಳದ ಗಂಡನ ಮನೆಯಿಂದ ಇಲ್ಲಿಗೆ ಬರ್ಬೇಕು ಅಂದ್ರೆ ಶಿವಮೊಗ್ಗ ಸ್ಟ್ಯಾಂಡಲ್ಲಿ ಕಂಡಕಂಡೋರ್ನ ಕೇಳ್ತಾಳೆ, ಇದು ಯಾವ ಊರಿನ ಬಸ್ಸು ಅಂತ. ಒಂದ್ಸಲ ಯಾರೋ ಪುಣ್ಯಾತ್ಮ ತಮಾಷೆಗೆ ಬೇರೆ ಬಸ್ಸು ಹತ್ತಿಸ್ದ. ಅವತ್ತು ಬಂದು ನನ್ನ ಮುಂದೆ ಕೂತು ಅತ್ಲು. ನಾನು ಏನೂ ಅನ್ಲಿಲ್ಲ. ಏನಂತ ಅನ್ಲಿ? ನೀನು ಹುಡುಗ್ರಿಗೆ ಹೆದರ್ತೀಯ. ಹೆದರ್ಬೇಡ ಅನ್ನಲ್ಲ ನಾನು, ಹೆತ್ತ ಕರುಳು. ಅಷ್ಟು ಹೆದ್ರಿಕೆ ಇದ್ರೆ ನೀನು ಹೋಗಿ ಬಸ್ ಸ್ಟ್ಯಾಂಡಲ್ಲಿ ನಿಂತ್ಕೋ. ಅವಳನ್ನ ಮನೇಲಿ ಕೂರಿಸ್ಬೇಡ." ಮತ್ತೆ ಬೋಲ್ಟಿನ ಮೇಲೆ ಬೆರಳಿಟ್ಟಳು. "ಆಗ್ಲಿಂದ ಒತ್ತುತ್ತಾ ಇದ್ದೀನಿ, ಈ ಹಾಳಾದ್ದು ಬಡ್ಕೊಳ್ತಾನೇ ಇಲ್ಲ."

ಶಿವರಾಜ್ ನೀರಿಗಿಳಿದು ತಾನೂ ಒತ್ತಿ ನೋಡಿದ. ಪಂಪು ಎರಡು ಸಲ ಟಕ್ಕೆಂದು ಸುಮ್ಮನಾಯಿತು. ಮತ್ತೆ ಒತ್ತಿದ, ಮತ್ತೆ ಸುಮ್ಮನಾಯಿತು. ಕೊನೆಗೆ ಅದನ್ನು ಬಿಟ್ಟು ತಾಯಿಗೆ ಬೆನ್ನು ಕೊಟ್ಟು ಕೂತ. "ಬಾ ಅವ್ವ, ಕತ್ತು ಹಿಡ್ಕೋ."

"ಮೆಲ್ಲಗೆ ಕಣೋ, ಬೀಳಿಸ್ಬೇಡ," ಎನ್ನುತ್ತಲೇ ಕಾಶಮ್ಮ ಮಗನ ಬೆನ್ನೇರಿದಳು. ಅವಳು ಇಷ್ಟು ಹಗುರವಾಗಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ತೊಟ್ಟಿ ಖಾಲಿಯಾಯಿತು. ದನಗಳು ಅದರ ಸುತ್ತ ನಿಂತು ಕೂಗತೊಡಗಿದವು. ಶಿವರಾಜ್ ಹಗ್ಗ ಹಿಡಿದು ಒಂದೊಂದನ್ನೇ ಓಣಿಯಲ್ಲಿ ಇಳಿಸಿದ, ಹತ್ತಿಸಿದ. ಕೆಸರಿನಲ್ಲಿ ಎರಡು ಸಲ ಜಾರಿದ. ಹಾಲಸ್ವಾಮಿಯ ಸಸಿಮಡಿಗೆ ಎಮ್ಮೆ ಬಾಯಿ ಹಾಕಿಯೇಬಿಟ್ಟಿತು, ಬೈಸಿಕೊಂಡ. ಕೊನೆಯ ಕರು ಹತ್ತುವ ಹೊತ್ತಿಗೆ ಅವನಿಗೆ ಊಟ ಬೇಡವಾಗಿತ್ತು. ಅಂಗೈಯಲ್ಲಿ ಹಗ್ಗದ ಗೆರೆ ಕೆಂಪಗೆ ಮೂಡಿತ್ತು. ತೊಟ್ಟಿಯ ಅಂಚಿಗೆ ಕೂತು ಅದನ್ನೇ ನೋಡಿಕೊಂಡ. ಮಗಳ ಕೈಯಲ್ಲೂ ಇಂಥದೇ ಗೆರೆ ಇದ್ದದ್ದು ಈಗ ನೆನಪಾಯಿತು. ಅಂಗೈ ಯಾಕೆ ಹಾಗಾಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಸಂಜೆ ಬಸ್ಸು ಬಂದಾಗ ಅವನು ಸ್ಟಾಪಿನಲ್ಲಿ ನಿಂತಿದ್ದ. ಪಂಚೆಯ ಕೆಸರು ಇನ್ನೂ ಒಣಗಿರಲಿಲ್ಲ. ಮೊದಲು ಬಸವರಾಜೇಶ್ವರಿ ಇಳಿದಳು, ಗಂಡನನ್ನು ಕಂಡು ಮೆಟ್ಟಿಲ ಬಳಿಯೇ ನಿಂತುಬಿಟ್ಟಳು. ಅವಳ ಹಿಂದೆ ತನುಜಾ ಹೊಸ ಪುಸ್ತಕಗಳ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಇಳಿದಳು. ಬಸ್ಸು ಹೋಯಿತು.

"ಪಂಪು ನಿಂತಿದೆ," ಎಂದ ಶಿವರಾಜ್.

ಹುಡುಗಿಯ ಮುಖ ಬಾಡಿತು. "ಈಗ್ಲೇ ಹೋಗಿ ಮಾಡ್ತೀನಪ್ಪ."

"ನೀನು ಮಾಡೋದಲ್ಲ. ನಂಗೆ ಹೇಳ್ಕೊಡು. ಎಷ್ಟು ಒತ್ತಿದ್ರೂ ಬಡ್ಕೊಳ್ತಿಲ್ಲ."

ತನುಜಾ ಅಪ್ಪನನ್ನೇ ನೋಡಿದಳು. "ಮೊದಲು ಕಪ್ಪು ಪೈಪಿನ ಗೇಟು ಮುಚ್ಚಿದ್ಯಾ?"

"ಯಾವ ಗೇಟು?"

"ಅಯ್ಯೋ ಅಪ್ಪ! ಮೇಲಕ್ಕೆ ನೀರು ಬಿಡೋ ನಲ್ಲಿ ಅದು, ಮುಚ್ಚದೆ ಒತ್ತಿದ್ರೆ ಸಂಜೆವರೆಗೂ ಒತ್ತುತ್ತಾನೇ ಇರ್ಬೇಕಷ್ಟೆ. ಅಜ್ಜಿಗೆ ಹೇಳೋದನ್ನೇ ಮರ್ತೆ!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಶಿವರಾಜ್ ಅವಳ ಕೈಯಿಂದ ಪುಸ್ತಕದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. "ನಡಿ, ಬೆಳಕಿರುವಾಗ್ಲೇ ತೋರ್ಸು. ನಾಳೆ ನೀನು ಬಸ್ಸು ಹತ್ತಿದ್ಮೇಲೆ ನಾನೇ ತಾನೇ ಮಾಡ್ಬೇಕು."

ಮೂವರೂ ಮನೆಯ ದಾರಿ ಬಿಟ್ಟು ಹಳ್ಳದ ಕಡೆ ತಿರುಗಿದರು.